ಟ್ಯಾಂಗೋ ರೆಕಾರ್ಡಿಂಗ್‌ಗಳು: ಪ್ಯಾರಿಸ್ಸಿನ ಬೀಟು, ಬ್ಯೂನಸ್ ಐರಿಸ್ಸಿನ ಗುದ್ದು

ಹೊಸ ಕಾಲದ ಟ್ಯಾಂಗೋ (ಅರ್ಜೆಂಟೀನಾ ಕಡೆಯ ಡ್ಯಾನ್ಸ್ ಸಂಗೀತ) ಕೇಳ್ಬೇಕು, ಎಲ್ಲಿಂದ ಶುರು ಮಾಡ್ಲಿ ಅಂತ ಯಾರಾದ್ರೂ ಕೇಳಿದ್ರೆ ಸಾಕು, ಎಲ್ರೂ ಕಣ್ಮುಚ್ಕೊಂಡು ಗೋತಾನ್ ಪ್ರಾಜೆಕ್ಟ್ ಹೆಸರು ಹೇಳ್ಬಿಡ್ತಾರೆ. ತಪ್ಪೇನಿಲ್ಲ, ಆದ್ರೆ ಅಲ್ಲೇ ನಿಂತುಬಿಟ್ಟೋರೇ ಜಾಸ್ತಿ. ಅದಕ್ಕೇ ನಾನು ತಿರುಗಾಮುರುಗಾ ಕೇಳೋ ಆಲ್ಬಮ್‌ಗಳನ್ನ ಒಂದರ ಪಕ್ಕ ಒಂದು ಇಟ್ಕೊಂಡು, ಅದೇ ಹೆಡ್‌ಫೋನು ಅದೇ ವಾಲ್ಯೂಮಲ್ಲಿ ಮತ್ತೆ ಕೇಳಿ ಬರೀತಿದೀನಿ. ನಾನು ಮುಖ್ಯವಾಗಿ ಗಮನಿಸಿದ್ದು ಲಯ. ಹಳೇ ಪದ್ಧತಿಯ ಟ್ಯಾಂಗೋ ಆರ್ಕೆಸ್ಟ್ರಾದಲ್ಲಿ ಡ್ರಮ್ಮೇ ಇರಲ್ಲ ನೋಡಿ, ಪಿಯಾನೋದ ಎಡಗೈ, ಡಬಲ್ ಬೇಸು, ಬ್ಯಾಂಡೋನಿಯಾನ್ (ಅಕಾರ್ಡಿಯನ್ ಥರ ತಿದಿ ಎಳೆದು ನುಡಿಸೋ ವಾದ್ಯ) ಇವೇ ಸೇರ್ಕೊಂಡು ತಾಳ ಹಿಡಿಯೋದು, ಹಾಗಾಗಿ ಎಲ್ಲರೂ ಒಟ್ಟಿಗೆ ಒಂಚೂರು ತಡೆದು ಆಮೇಲೆ ಒಟ್ಟಿಗೆ ನುಗ್ಗೋಕೆ ಆಗುತ್ತೆ. ಆ ಎಳೆದಾಟ ಇಲ್ಲ ಅಂದ್ರೆ ನನಗೆ ಟ್ಯಾಂಗೋ ಕೇಳ್ದಂಗೇ ಆಗಲ್ಲ.

ಮೊದ್ಲು ಗೋತಾನ್. ಪ್ಯಾರಿಸ್ಸಲ್ಲಿ ಸೇರಿದ ಮೂರು ಜನ, ಒಬ್ಬ ಫ್ರೆಂಚು, ಒಬ್ಬ ಅರ್ಜೆಂಟೀನಾದವ್ನು, ಒಬ್ಬ ಸ್ವಿಸ್. 2001ರ ‘ಲಾ ರೆವಾಂಚಾ ದೆಲ್ ತಾಂಗೋ’ ಇವತ್ತಿಗೂ ಸೌಂಡ್ ವಿಷಯದಲ್ಲಿ ಹಳತಾಗಿಲ್ಲ, ಬೇಸ್ ದಪ್ಪಗೆ ಕೆಳಗಡೆ ಹರಿದಾಡ್ತಿರುತ್ತೆ, ಕ್ರಿಸ್ಟೀನಾ ವಿಲಾಲೊಂಗಾ ದನಿ ಹೊಗೆ ಥರ ಮೇಲೆ ತೇಲುತ್ತೆ. ಅರ್ಜೆಂಟೀನಾದ ಸಂಗೀತಕಾರ, ಬ್ಯಾಂಡೋನಿಯಾನ್ ವಾದಕ ಪಿಯಾಝೊಲಾನ ‘ವುಯೆಲ್ವೋ ಅಲ್ ಸುರ್’ ಇವರ ಕೈಯಲ್ಲಿ ಚೆನ್ನಾಗೇ ಬಂದಿದೆ. ತೊಂದ್ರೆ ಏನಂದ್ರೆ ಬ್ಯಾಂಡೋನಿಯಾನ್ ಒಂದು ಸ್ವರ ಹಿಡ್ಕೊಂಡು ಸ್ವಲ್ಪ ಕಾಯೋಣ ಅಂದ್ರೂ ಕೆಳಗಿನ ಲೂಪ್ (ಮಷಿನ್ ಮತ್ತೆ ಮತ್ತೆ ನುಡಿಸೋ ಅದೇ ಬೀಟು) ಕಾಯಲ್ಲ, ಟಕ್ ಟಕ್ ಅಂತ ತನ್ನ ಪಾಡಿಗೆ ತಾನು ಹೋಗ್ತಾನೇ ಇರುತ್ತೆ. 2006ರ ‘ಲುನಾಟಿಕೋ’ ಇದಕ್ಕಿಂತ ವಾಸಿ, ಎಲೆಕ್ಟ್ರಾನಿಕ್ಸ್ ಕಮ್ಮಿ ಮಾಡಿ ವಾದ್ಯಗಳಿಗೆ ಜಾಗ ಬಿಟ್ಟಿದಾರೆ (ಲುನಾಟಿಕೋ ಅನ್ನೋದು ಹಳೇ ಗಾಯಕ ಗಾರ್ದೆಲ್ ಸಾಕಿದ್ದ ರೇಸ್ ಕುದುರೆ ಹೆಸರು, ಆಲ್ಬಮ್ಮಿಗೆ ಅದನ್ನೇ ಇಟ್ಟಿದಾರೆ). ಎರಡರಲ್ಲಿ ಒಂದೇ ತಗೋಬೇಕು ಅಂದ್ರೆ ಜನ ಮೊದಲನೇದು ಅಂತಾರೆ, ನನ್ನ ವೋಟು ಎರಡನೇದಕ್ಕೆ.

ಇದರ ನೇರ ಪೈಪೋಟಿ ಬಾಹೋಫೊಂಡೋ. ಗುಸ್ತಾವೋ ಸಾಂತಾವೊಲಾಲಾ ಗೊತ್ತಲ್ಲ, ಎರಡು ವರ್ಷ ಸಾಲಾಗಿ ಸಿನಿಮಾ ಸಂಗೀತಕ್ಕೆ ಆಸ್ಕರ್ ಹೊಡೆದವರು, ಅವರ ಗುಂಪು, ಅರ್ಜೆಂಟೀನಾ ಉರುಗ್ವೆ ಎರಡೂ ಕಡೆಯವ್ರು ಇದಾರೆ. 2007ರ ‘ಮಾರ್ ದುಲ್ಸೆ’ಯ ‘ಪಾ ಬೈಲಾರ್’ ಒಂದೇ ಟ್ರ್ಯಾಕು ಕೇಳಿದ್ರೆ ಗೋತಾನ್ ಸ್ವಲ್ಪ ತೂಕಡಿಸ್ತಿದೆ ಅನ್ಸುತ್ತೆ, ಅಷ್ಟು ಕಸುವಿದೆ. ಆದ್ರೆ ಪೂರ್ತಿ ಆಲ್ಬಮ್ ಕೂತ್ಕೊಂಡು ಕೇಳಿದ್ರೆ ಗೆಸ್ಟ್ ಗಾಯಕರ ಮೆರವಣಿಗೆ, ಎಲ್ವಿಸ್ ಕಾಸ್ಟೆಲೋ ಬಂದ್ರು, ನೆಲ್ಲಿ ಫುರ್ಟಾಡೋ ಬಂದ್ರು, ಇನ್ನೊಬ್ರು ಬಂದ್ರು, ಟ್ಯಾಂಗೋ ಎಲ್ಲೋ ಹಿಂದಿನ ಸಾಲಲ್ಲಿ ಕೂತಿರುತ್ತೆ.

ಈಗ ಡ್ರಮ್ ಮಷಿನ್ ಇಲ್ಲದೇ ಇರೋ ಕಡೆ ಬರೋಣ. ಪಿಯಾಝೊಲಾ 1992ರಲ್ಲಿ ತೀರಿಕೊಂಡ್ಮೇಲೆ ಕ್ಲಾಸಿಕಲ್ ದೊಡ್ಡೋರೆಲ್ಲ ಅವನ ಮ್ಯೂಸಿಕ್ ಮೇಲೆ ಮುಗಿಬಿದ್ರು, ಅದರಲ್ಲಿ ಹೆಚ್ಚು ಹೆಸರು ಮಾಡಿದ್ದು ಎರಡು, 1996ರ ವಯಲಿನ್ ವಾದಕ ಗಿಡಾನ್ ಕ್ರೆಮರ್ ಆಲ್ಬಮ್ಮು, 1997ರ ಚೆಲೋ ವಾದಕ ಯೋ ಯೋ ಮಾ ಆಲ್ಬಮ್ಮು. ಇವೆರಡನ್ನೂ ಪಿಯಾಝೊಲಾನೇ 1986ರಲ್ಲಿ ನ್ಯೂಯಾರ್ಕಲ್ಲಿ ತನ್ನ ಐದು ಜನರ ತಂಡ ಕಟ್ಕೊಂಡು ಮಾಡಿದ ‘ಟ್ಯಾಂಗೋ: ಝೀರೋ ಅವರ್’ ಪಕ್ಕ ಇಟ್ಟು ಕೇಳಿ ಅಂತ ಎಲ್ಲರಿಗೂ ಹೇಳ್ತೀನಿ. ಮಾ ಮತ್ತೆ ಪಿಯಾಝೊಲಾ ಹೋಲಿಕೆ ಇನ್ನೂ ಮಜವಾಗಿದೆ ಯಾಕಂದ್ರೆ ‘ಮಿಲೋಂಗಾ ದೆಲ್ ಆಂಖೆಲ್’, ‘ಮುಮುಕಿ’ ಎರಡೂ ಆಲ್ಬಮ್ಮಲ್ಲಿ ಇವೆ, ಅಷ್ಟೇ ಅಲ್ಲ, ಗಿಟಾರಿನ ಮಾಲ್ವಿಸಿನೋ, ಬೇಸಿನ ಕೊನ್ಸೋಲೆ ಇಬ್ರೂ ಎರಡು ಕಡೆನೂ ಇದಾರೆ! ಅದೇ ಟ್ಯೂನು, ಅದೇ ಇಬ್ಬರು, ಆದ್ರೂ ಕೇಳೋಕೆ ಬೇರೆಯೇ. ಝೀರೋ ಅವರ್‌ನಲ್ಲಿ ‘ಮಿಲೋಂಗಾ ದೆಲ್ ಆಂಖೆಲ್’ ನಿಧಾನಕ್ಕೆ ಹೋಗ್ತಾ ಇದ್ರೂ ಬ್ಯಾಂಡೋನಿಯಾನ್ ಬೀಟಿಗೆ ಸರಿಯಾಗಿ ಯಾವತ್ತೂ ಬರಲ್ಲ, ಒಂದ್ಸಲ ಹಿಂದೆ ಉಳ್ಕೊಳುತ್ತೆ, ಇನ್ನೊಂದ್ಸಲ ನಾಲ್ಕು ಸ್ವರ ಒಟ್ಟಿಗೆ ಉದುರಿಸಿ ಓಡಿಬಂದು ಸೇರ್ಕೊಳುತ್ತೆ, ಬೇಸ್ ಮಾತ್ರ ಅಲ್ಲಾಡದೆ ನಿಂತಿರುತ್ತೆ. ಮಾ ಚೆಲೋ ನುಡಿಸೋವಾಗ ಪ್ರತಿ ಸ್ವರಾನೂ ಪೂರ್ತಿ ಬೆಳೆದು, ಪಾಲಿಶ್ ಆಗಿ, ಮುಂದಿನದಕ್ಕೆ ಅಂಟ್ಕೊಂಡೇ ಹೋಗುತ್ತೆ. ಸುಂದರ, ಒಪ್ತೀನಿ. ಆದ್ರೆ ಟ್ಯಾಂಗೋದಲ್ಲಿ ಒಂಚೂರು ಒರಟುತನ ಬೇಕು ಸ್ವಾಮಿ, ವಯಲಿನ್ನವ್ರು ಬ್ರಿಡ್ಜಿನ ಹಿಂದುಗಡೆ ತಂತಿ ಕೆರೆದು ಕರ್ ಕರ್ ಅನ್ನಿಸೋ ಒಂದು ಟ್ರಿಕ್ ಇದೆ, ಝೀರೋ ಅವರ್ ಕೇಳ್ತಾ ಅಂಥ ಕೊಳಕು ಶಬ್ದ ಬಂದಾಗೆಲ್ಲ ನನಗೆ ಖುಷಿ ಆಗುತ್ತೆ. ಕ್ರೆಮರ್ ಇಬ್ಬರ ಮಧ್ಯೆ ಎಲ್ಲೋ ಬರ್ತಾರೆ, ಅವರ ವಯಲಿನ್ ತೆಳ್ಳಗೆ, ಚೂಪಾಗಿ, ಸ್ವಲ್ಪ ರೇಗಿದಂಗೆ ಇದೆ, ಅದಕ್ಕೇ ಮಾ ಅವರಿಗಿಂತ ನನಗೆ ಹೆಚ್ಚು ಹಿಡಿಸ್ತು. ಮಾ ಆಲ್ಬಮ್ಮಲ್ಲಿ ಪಿಯಾಝೊಲಾನ ಹಳೇ ರೆಕಾರ್ಡಿಂಗ್ ಜೊತೆ ಚೆಲೋ ಸೇರಿಸಿ ಜುಗಲ್‌ಬಂದಿ ಥರ ಮಾಡಿರೋ ಒಂದು ಟ್ರ್ಯಾಕ್ ಇದೆ, ಅದೊಂದಕ್ಕಾದ್ರೂ ಇಟ್ಕೋಬಹುದು.

ನನ್ನ ಲೆಕ್ಕದಲ್ಲಿ ಇವರೆಲ್ಲರನ್ನೂ ಹಿಂದೆ ಹಾಕೋದು ಬ್ಯೂನಸ್ ಐರಿಸ್ಸಿನ ಓರ್ಕೆಸ್ತಾ ತೀಪಿಕಾ ಫೆರ್ನಾಂಡೆಸ್ ಫಿಯೆರೋ. ಮಾಲೀಕ ಅಂತ ಯಾರೂ ಇಲ್ಲದೆ ಸಹಕಾರಿ ಥರ ನಡೆಯೋ ಗುಂಪು, ನೋಡೋಕೆ ರಾಕ್ ಬ್ಯಾಂಡು, ಮುಂದಿನ ಸಾಲಲ್ಲಿ ನಾಲ್ಕು ಬ್ಯಾಂಡೋನಿಯಾನ್. 2003ರ ‘ದೆಸ್ತ್ರುಕ್ಸಿಯೋನ್ ಮಸೀವಾ’ ಹಾಕಿ ನೋಡಿ. ಹಳೇ ಕಾಲದ ಪುಗ್ಲಿಯೇಸೆ ಆರ್ಕೆಸ್ಟ್ರಾದಲ್ಲಿ ಯುಂಬಾ ಅಂತ ಒಂದು ಹೊಡೆತ ಇತ್ತು, ಒಂದನೇ ಮತ್ತೆ ಮೂರನೇ ಬೀಟ್ ಮೇಲೆ ಗುದ್ದಿ ಎರಡು ನಾಲ್ಕನ್ನ ಕೆಳಗಡೆ ಗುಡುಗಿಸಿ ಬಿಡೋದು, ಇವರು ಅದನ್ನೇ ಹಿಡ್ಕೊಂಡು ಇನ್ನೂ ಜೋರು ಮಾಡಿದಾರೆ. ನಾಲ್ಕು ತಿದಿ ಒಟ್ಟಿಗೆ ಜಗ್ಗಿದಾಗ ಸ್ವರಕ್ಕಿಂತ ಮುಂಚೆ ಗಾಳಿ ಸದ್ದು ಕೇಳುತ್ತೆ, ಯಾವ ಲೂಪಿಂದಲೂ ಇದು ಬರಲ್ಲ. ಕೊರತೆ ಇಲ್ವಾ ಅಂದ್ರೆ ಇದೆ, ತಗ್ಗಿಸೋದೇ ಗೊತ್ತಿಲ್ಲ ಇವರಿಗೆ, ಅರ್ಧ ಗಂಟೆ ಆದ್ಮೇಲೆ ಕಿವಿ ರಜಾ ಕೇಳುತ್ತೆ. ಆಗ ನಾನು ಕಲರ್ ತಾಂಗೋಗೆ ಹೋಗ್ತೀನಿ, ಪುಗ್ಲಿಯೇಸೆ ತಂಡದಲ್ಲೇ ಬ್ಯಾಂಡೋನಿಯಾನ್ ನುಡಿಸ್ತಿದ್ದ ರೊಬೆರ್ತೋ ಆಲ್ವಾರೆಸ್ ಕಟ್ಟಿದ ಗುಂಪು, ಅದೇ ಗುದ್ದು ಆದ್ರೆ ಇಸ್ತ್ರಿ ಮಾಡಿದ ಬಟ್ಟೇಲಿ.

ಬರೀ ಡ್ಯಾನ್ಸಿಗೆ ಬೇಕು ಅಂದ್ರೆ ಮೇಲಿನ ಲಿಸ್ಟಲ್ಲಿ ಅರ್ಧ ಕೆಲಸಕ್ಕೆ ಬರಲ್ಲ. ಮಾಸ್ಕೋದ ಸೋಲೋ ತಾಂಗೋ ನಾಲ್ಕೇ ಜನ, 1940ರ ದಶಕದ ಶೈಲಿಯನ್ನ ನೀಟಾಗಿ ನುಡಿಸ್ತಾರೆ, ಹೆಜ್ಜೆ ಎಲ್ಲಿ ಇಡ್ಬೇಕು ಅಂತ ಕಾಲಿಗೇ ಗೊತ್ತಾಗುತ್ತೆ. ಸುಮ್ನೆ ಕೂತು ಕೇಳೋಕೆ ಮಾತ್ರ ನನಗೆ ಬೇಗ ಸಾಕಾಯ್ತು.

ಇನ್ನು ಫಿನ್ಲೆಂಡ್. ಅಲ್ಲಿ ಟ್ಯಾಂಗೋ ಅಂದ್ರೆ ಬೇರೆ ಜಾತಿನೇ, ಬ್ಯಾಂಡೋನಿಯಾನ್ ಬದ್ಲು ಅಕಾರ್ಡಿಯನ್, ಹೆಚ್ಚಾಗಿ ಮೈನರ್ ಸ್ಕೇಲು, ಬೀಟು ಮಾರ್ಚಿಂಗ್ ಥರ ನೆಟ್ಟಗೆ, ಹಾಡಿನ ತುಂಬ ಸಿಗದೇ ಇರೋದರ ಹಂಬಲ. ಸೆಯ್ನಾಯೊಕಿ ಊರಲ್ಲಿ 1985ರಿಂದ ಟ್ಯಾಂಗೋ ಹಬ್ಬ ಮಾಡಿ ರಾಜ ರಾಣಿ ಅಂತ ಗಾಯಕರಿಗೆ ಕಿರೀಟ ಬೇರೆ ಹಾಕ್ತಾರೆ. ಉಂಟೋ ಮೊನೊನೆನ್ ಬರೆದ ‘ಸಾಟುಮಾ’ನ ರೇಯೋ ತೈಪಾಲೆ ಹಾಡಿರೋದು 1962ರದ್ದು, ಹೊಸದಲ್ಲ, ಆದ್ರೂ ಅಲ್ಲಿಯ ಈಗಿನ ಗಾಯಕರನ್ನ ಅಳೆಯೋಕೆ ಅದೇ ಗಜಕಡ್ಡಿ. ನಾನು ಹೇಳಿದ ಎಳೆದಾಟ ಇದರಲ್ಲಿ ಚೂರೂ ಇಲ್ಲ, ನನ್ನದೇ ರೂಲ್ ಪ್ರಕಾರ ಇದು ಫೇಲ್ ಆಗ್ಬೇಕು, ಆದ್ರೆ ‘ಮಾರ್ ದುಲ್ಸೆ’ಗಿಂತ ಜಾಸ್ತಿ ಸಲ ಹಾಕ್ಕೊಳೋದು ಇದನ್ನೇ.