ಇಸಿಎಚ್‌ಎಸ್ ಕಾರ್ಡ್ ನಂಬಿ ಮಾನಸಿಕ ಚಿಕಿತ್ಸೆಗೆ ಹೊರಡುವ ಮುಂಚೆ ಇದನ್ನು ಓದಿ

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಮಾಜಿ ಸೈನಿಕರ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಪೂರ್ತಿ ಓದಿ. ಆಸ್ಪತ್ರೆಯ ಹೆಸರು ಇಸಿಎಚ್‌ಎಸ್ (ಮಾಜಿ ಸೈನಿಕರು ಮತ್ತು ಅವರ ಮನೆಯವರ ಆರೋಗ್ಯ ಯೋಜನೆ) ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಸಾಲುವುದಿಲ್ಲ. ಆ ಆಸ್ಪತ್ರೆಯ ಮನೋರೋಗ ವಿಭಾಗಕ್ಕೂ ಮಂಜೂರಾತಿ ಇದೆಯಾ ಅಂತ ಬೇರೆಯಾಗಿ ಕೇಳಿಕೊಳ್ಳಬೇಕು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಅಪ್ಪ ನೌಕಾಪಡೆಯಿಂದ ನಿವೃತ್ತರಾದವರು. ಕಾರವಾರದಲ್ಲಿ ಕದಂಬ ನೌಕಾನೆಲೆ ಇದೆ, ನೌಕಾಪಡೆಯದೇ ಪತಂಜಲಿ ಆಸ್ಪತ್ರೆ ಇದೆ, ನಿಮಗೇನು ಚಿಂತೆ ಅಂತ ನೆಂಟರು ಕೇಳುತ್ತಾರೆ. ಆದರೆ ನಿವೃತ್ತರ ದಾರಿ ಬೇರೆ. 2003ರ ಏಪ್ರಿಲ್‌ನಲ್ಲಿ ಇಸಿಎಚ್‌ಎಸ್ ಶುರುವಾಯಿತು. ರ‍್ಯಾಂಕಿಗೆ ತಕ್ಕಂತೆ ಒಂದೇ ಸಲ ಹಣ ಕಟ್ಟಿ ಸದಸ್ಯರಾಗಬೇಕು. ಕಾಯಿಲೆ ಬಂದರೆ ಮೊದಲು ಯೋಜನೆಯದೇ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್‌ಗೆ ಹೋಗಬೇಕು. ಅಲ್ಲಿಯ ಡಾಕ್ಟರು ರೆಫರಲ್ ಬರೆದುಕೊಟ್ಟರೆ ಒಪ್ಪಂದ ಇರುವ ಖಾಸಗಿ ಆಸ್ಪತ್ರೆಯಲ್ಲಿ ಕೈಯಿಂದ ದುಡ್ಡು ಕೊಡದೆ ಚಿಕಿತ್ಸೆ ಸಿಗುತ್ತದೆ. ಹೃದಯ, ಕಣ್ಣು, ಮೊಣಕಾಲಿಗೆ ಈ ವ್ಯವಸ್ಥೆಯಿಂದ ನಮ್ಮ ಕಡೆಯ ಎಷ್ಟೋ ಮನೆಗಳು ಉಳಿದುಕೊಂಡಿವೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಬೈಪೋಲಾರ್ ಕಾಯಿಲೆ. ಮನಸ್ಸು ಒಮ್ಮೆ ಅತಿಯಾಗಿ ಏರಿ, ಇನ್ನೊಮ್ಮೆ ಅತಿಯಾಗಿ ಕುಗ್ಗುವ ಕಾಯಿಲೆ ಅದು. ಹೆಸರು ಹೇಳಲು ನಮಗೆ ಸಂಕೋಚವಿಲ್ಲ, ಆಯಿಗೂ ಇಲ್ಲ. ಲಿಥಿಯಂ ಮಾತ್ರೆಯಿಂದ ವರ್ಷಗಟ್ಟಲೆ ಚೆನ್ನಾಗಿದ್ದಳು. ಈ ಮಾತ್ರೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಕೆಲವು ವಾರ ತಪ್ಪಿದರೆ ಏನಾಗುತ್ತದೆ ಅಂತ ಅನಿಸಬಹುದು. ಲಿಥಿಯಂ ರಕ್ತದಲ್ಲಿ ಒಂದು ಮಟ್ಟದಲ್ಲೇ ಇರಬೇಕು. ಕಡಿಮೆಯಾದರೆ ಕೆಲಸ ಮಾಡುವುದಿಲ್ಲ, ಜಾಸ್ತಿಯಾದರೆ ವಿಷ. ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಟ್ಟು ಆ ಮಟ್ಟ ನೋಡಿಸಬೇಕು. ಜೊತೆಗೆ ಥೈರಾಯ್ಡ್ ಮತ್ತು ಕಿಡ್ನಿಯನ್ನೂ ಆಗಾಗ ಪರೀಕ್ಷೆ ಮಾಡಿಸಬೇಕು. ನಮ್ಮ ಕರಾವಳಿಯ ಏಪ್ರಿಲ್, ಮೇ ಸೆಖೆಯಲ್ಲಿ ಬೆವರು ಹರಿದು ಮೈಯಲ್ಲಿ ನೀರು ಕಡಿಮೆಯಾದರೂ ಲಿಥಿಯಂ ಏರುತ್ತದೆ. ಸೊಂಟ ನೋವು ಅಂತ ಅಂಗಡಿಯಿಂದ ಐಬುಪ್ರೊಫೆನ್ ತಂದು ನುಂಗಿದರೂ ಏರುತ್ತದೆ. ದಿಢೀರ್ ಅಂತ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಜಾಸ್ತಿ. ಅಂದರೆ ಈ ಮಾತ್ರೆ ತಿನ್ನುವವರಿಗೆ ಗೊತ್ತಿರುವ ಡಾಕ್ಟರು ಒಬ್ಬರು ಬೇಕೇ ಬೇಕು.

ಆ ಡಾಕ್ಟರು ನಮಗೆ ಹುಬ್ಬಳ್ಳಿ ಕಡೆಯ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಸಿಕ್ಕಿದ್ದರು. ಅಂಕೋಲಾ ದಾಟಿ, ಅರಬೈಲ್ ಘಾಟ್ ಹತ್ತಿ, ಯಲ್ಲಾಪುರದ ಮೇಲೆ ಹೋಗುವ ದಾರಿ. ಮಳೆಗಾಲದಲ್ಲಿ ಘಾಟ್ ಎಂಥದ್ದು ಅಂತ ನಿಮಗೆ ಹೇಳಬೇಕಿಲ್ಲ. ಆದರೂ ಹೋಗುತ್ತಿದ್ದೆವು. ಅವರು ಆಯಿಯ ಮಾತನ್ನು ಪೂರ್ತಿ ಕೇಳುತ್ತಿದ್ದರು. ನಿದ್ದೆ ಎಷ್ಟು, ಖರ್ಚು ಎಷ್ಟು, ಅಕ್ಕಪಕ್ಕದವರ ಮೇಲೆ ಸಿಟ್ಟು ಬರುತ್ತಾ, ಎಲ್ಲ ವಿಚಾರಿಸಿ ಆಮೇಲೆ ಬರೆದುಕೊಡುತ್ತಿದ್ದರು.

ಆಮೇಲೆ ದರ ಬದಲಾಯಿತು. ಇಸಿಎಚ್‌ಎಸ್‌ಗೆ ತನ್ನದೇ ದರಪಟ್ಟಿ ಇಲ್ಲ, ಕೇಂದ್ರ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನ ದರವನ್ನೇ ಅನುಸರಿಸುತ್ತದೆ. 2025ರ ಅಕ್ಟೋಬರ್ 13ರಿಂದ ಸಿಜಿಎಚ್‌ಎಸ್‌ಗೆ ಹೊಸ ದರಪಟ್ಟಿ ಬಂತು. ಡಿಸೆಂಬರ್‌ನಲ್ಲಿ ಅದು ಇಸಿಎಚ್‌ಎಸ್‌ಗೂ ಬಂತು. ಸುಮಾರು 2000 ಚಿಕಿತ್ಸೆಗಳ ದರ ಒಂದೇ ಸಲಕ್ಕೆ ಬದಲಾಯಿತು. ನಗರ ಯಾವ ದರ್ಜೆಯದು, ಆಸ್ಪತ್ರೆಗೆ ಗುಣಮಟ್ಟದ ಎನ್‌ಎಬಿಎಚ್ ಮಾನ್ಯತೆ ಇದೆಯಾ ಎಂಬುದರ ಮೇಲೆ ದರ ಬೇರೆ ಬೇರೆ. ಆಸ್ಪತ್ರೆಗಳು ಮತ್ತೆ ಒಪ್ಪಂದ, ಮತ್ತೆ ಲೆಕ್ಕಾಚಾರ ಅಂತ ಕೂತವು. ನಾವು ಹೋಗುತ್ತಿದ್ದ ಆಸ್ಪತ್ರೆ ಹೃದಯ, ಮೂಳೆ, ಕಿಡ್ನಿ ಎಲ್ಲ ಇಟ್ಟುಕೊಂಡು ಮನೋರೋಗ ವಿಭಾಗವನ್ನು ಸದ್ದಿಲ್ಲದೆ ಕೈಬಿಟ್ಟಿತು.

ನಾವು ರೆಫರಲ್ ಹಿಡಿದು ಹೋದಾಗ ಕೌಂಟರ್‌ನಲ್ಲಿದ್ದ ಹುಡುಗಿ ಕಾರ್ಡ್ ಉಜ್ಜಿ ನೋಡಿ, "ಕಾರ್ಡ್ ಸರಿ ಐತ್ರಿ ಮೇಡಂ. ಆದ್ರ ಸೈಕಿಯಾಟ್ರಿ ಈಗ ಪ್ಯಾನೆಲ್‌ನ್ಯಾಗ ಇಲ್ರಿ. ಕ್ಯಾಶ್ ಕಟ್ಟಬೇಕಾಗ್ತದ" ಅಂದಳು. ರೆಫರಲ್ ಕಾಗದದ ಮೇಲೆ ಅದೇ ಆಸ್ಪತ್ರೆಯ ಹೆಸರು ಅಚ್ಚಾಗಿತ್ತು. ತೋರಿಸಿದೆವು. "ಆಸ್ಪತ್ರಿ ಹೆಸರು ಇರ್ತದ್ರಿ, ಡಿಪಾರ್ಟ್‌ಮೆಂಟ್ ಬೇರೆ" ಅಂದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇಂಥ ಬದಲಾವಣೆಯನ್ನು ಹಳೆಯ ರೋಗಿಗಳಿಗೆ ಒಂದು ಮೆಸೇಜ್ ಮಾಡಿ ತಿಳಿಸಲು ಆ ಆಸ್ಪತ್ರೆಗೆ ಏನು ಕಷ್ಟ ಇತ್ತು? ನಮ್ಮ ಫೋನ್ ನಂಬರ್ ಅವರ ಹತ್ತಿರ ಇತ್ತು. ಹೆಲ್ತ್ ಚೆಕಪ್ ರಿಯಾಯಿತಿಯ ಮೆಸೇಜ್ ಮಾತ್ರ ಹಬ್ಬಕ್ಕೊಂದು ಬರುತ್ತಿತ್ತು.

ಅವತ್ತು ಡಾಕ್ಟರು ಊರಲ್ಲಿರಲಿಲ್ಲ, ಬರಿಗೈಯಲ್ಲಿ ವಾಪಸ್ ಬಂದೆವು. ನಿಜವಾದ ಪೆಟ್ಟು ಬಿದ್ದಿದ್ದು ಆಮೇಲೆ. ಪಾಲಿಕ್ಲಿನಿಕ್‌ನಲ್ಲಿ ಮಾತ್ರೆ ಕೊಡಲು ಪಟ್ಟಿಯಲ್ಲಿರುವ ತಜ್ಞರ ಚೀಟಿ ಬೇಕು. ನಮ್ಮ ಹಳೆಯ ಚೀಟಿಯ ಅವಧಿ ಮುಗಿದಿತ್ತು. ಬೇರೆ ಆಸ್ಪತ್ರೆಗೆ ರೆಫರಲ್ ಮಾಡಿಕೊಡುತ್ತೇವೆ ಅಂದರು, ಅಲ್ಲಿ ಹೊಸ ರೋಗಿಗೆ ತಾರೀಕು ಸಿಗಲಿಲ್ಲ. ಊರಿನ ಮೆಡಿಕಲ್ ಶಾಪ್‌ನವರು ಹಳೆಯ ಚೀಟಿಗೆ ಲಿಥಿಯಂ ಕೊಡುವುದಿಲ್ಲ ಅಂದರು, ಕಾನೂನಿನ ಪ್ರಕಾರ ಅದು ಸರಿಯೇ. ಅಪ್ಪ ಯಾರಿಗೂ ಹೇಳದೆ ಉಳಿದ ಮಾತ್ರೆಗಳನ್ನು ಎರಡು ದಿನಕ್ಕೊಂದರಂತೆ ಕೊಡತೊಡಗಿದ್ದರು. ಆಯಿಯ ನಿದ್ದೆ ಕಡಿಮೆಯಾಯಿತು. ಮೊದಲು ಬೆಳಗಿನ ಜಾವ ಎದ್ದು ಅಂಗಳ ಗುಡಿಸುವುದು. ಆಮೇಲೆ ನಡುರಾತ್ರಿ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ತಿಕ್ಕುವುದು. ಆಮೇಲೆ ನಿದ್ದೆಯೇ ಇಲ್ಲ.

ಕೊನೆಗೆ ಕಾರು ಮಾಡಿಕೊಂಡು ಅದೇ ಆಸ್ಪತ್ರೆಗೆ ಓಡಿದೆವು. ಆಯಿಯನ್ನು ಬಲ್ಲ ಡಾಕ್ಟರು ಇರುವುದು ಅಲ್ಲೇ ಅಲ್ವಾ. ಕಾಯುವ ಜಾಗದಲ್ಲಿ ಕೂತಿದ್ದವರನ್ನೆಲ್ಲ ಆಯಿ ಕೈ ಹಿಡಿದು ಮನೆಗೆ ಊಟಕ್ಕೆ ಕರೆಯುತ್ತಿದ್ದಳು. "ಬನ್ನಿ, ಸುಕ್ಕೆ ಮಾಡ್ತೆ, ಬಂಗಡೆ ಇದ್ದು" ಅಂತ ಒಂದೇ ಉಸಿರಿಗೆ. ಕೆಲವರು ನಕ್ಕರು. ಒಬ್ಬ ಹೆಂಗಸು ಮಾತ್ರ ಪಕ್ಕದಲ್ಲೇ ಕೂತು, "ಬರ್ತೀನ್ರಿ ಅವ್ವಾ, ಖಂಡಿತ ಬರ್ತೀನಿ" ಅಂತ ಆಯಿಯ ಬೆನ್ನು ಸವರುತ್ತಾ ಇದ್ದರು.

ಅಡ್ಮಿಷನ್ ಕೌಂಟರ್‌ನಲ್ಲಿ ಅಪ್ಪನ ಮುಂದೆ ಒಂದು ಕಾಗದ ಇಟ್ಟರು. ಎಲ್ಲ ಇಂಗ್ಲಿಷ್‌ನಲ್ಲಿ, ಚಿಕ್ಕ ಅಕ್ಷರದಲ್ಲಿ. 'ಯೋಜನೆಯ ಸೌಲಭ್ಯ ಬೇಡವೆಂದು ಸ್ವಂತ ಇಚ್ಛೆಯಿಂದ ನಗದು ಕೊಟ್ಟು ಚಿಕಿತ್ಸೆ ಪಡೆಯುತ್ತಿದ್ದೇನೆ' ಎಂಬುದು ಅದರ ಸಾರ. ಸಹಿ ಆದರೆ ಮಾತ್ರ ಹಾಸಿಗೆ ಅಂದರು. ಆ ಹೊತ್ತಿಗೆ ಯಾರೇ ಆದರೂ ಸಹಿ ಹಾಕುತ್ತಾರೆ. ಅಪ್ಪ ಹಾಕಿದರು. ಆಯಿ ಗುಣವಾಗಿ ಮನೆಗೆ ಬಂದ ಮೇಲೆ ಹಣ ಮರಳಿ ಕೊಡಿ ಅಂತ ಬಿಲ್ ಸಲ್ಲಿಸಿದೆವು. ಅರ್ಜಿ ವಾಪಸ್ ಬಂತು. ಕಾರಣ ಆ ಸಹಿಯೇ. ಸ್ವಂತ ಇಚ್ಛೆಯಿಂದ ಹೊರಗೆ ಚಿಕಿತ್ಸೆ ಪಡೆದಿದ್ದೀರಿ, ತುರ್ತು ಸ್ಥಿತಿ ಎಂದು ಆಸ್ಪತ್ರೆ ಎಲ್ಲೂ ಬರೆದಿಲ್ಲ ಅಂತ.

ದಿನಗಟ್ಟಲೆ ನಿದ್ದೆಯಿಲ್ಲದೆ, ಊಟ ಬಿಟ್ಟು, ರಾತ್ರಿ ಹೆದ್ದಾರಿಗೆ ನಡೆದು ಹೋಗುವ ಮನುಷ್ಯನ ಸ್ಥಿತಿ ತುರ್ತು ಅಲ್ಲವಂತೆ. ಎದೆನೋವು ಆಗಿದ್ದರೆ ಯಾರೂ ಈ ಪ್ರಶ್ನೆ ಕೇಳುತ್ತಿರಲಿಲ್ಲ. ನನಗೆ ಹೆಚ್ಚು ನೋವಾಗಿದ್ದು ಇದಕ್ಕೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಂ ಮಾನಸಿಕ ಕಾಯಿಲೆ ಇರುವವರನ್ನು ದೈಹಿಕ ಕಾಯಿಲೆ ಇರುವವರಿಗೆ ಸಮಾನವಾಗಿ ನೋಡಿಕೊಳ್ಳಬೇಕು ಅನ್ನುತ್ತದೆ. ಅದೇ ಕಾಯ್ದೆಯ 94ನೇ ಕಲಂ ಮಾನಸಿಕ ಕಾಯಿಲೆಯಲ್ಲೂ ತುರ್ತು ಚಿಕಿತ್ಸೆ ಅಂತ ಒಂದು ಇದೆ ಎಂದು ಒಪ್ಪುತ್ತದೆ. ಕೌಂಟರ್‌ನಲ್ಲಿ ಮಾತ್ರ ಅದು ಇಲ್ಲ.

ಡಾಕ್ಟರ ಕಡೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಆಯಿ ವಾರ್ಡಿನಲ್ಲಿದ್ದಾಗ ಅವರೇ ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಸರ್ಕಾರಿ ದರದಲ್ಲಿ ತಜ್ಞರು ಹೊರರೋಗಿಯೊಬ್ಬರನ್ನು ನೋಡಿದ್ದಕ್ಕೆ 2023ರ ಏಪ್ರಿಲ್‌ವರೆಗೆ ಸಿಗುತ್ತಿದ್ದುದು 150 ರೂಪಾಯಿ. ಆಮೇಲೆ 350 ಆಯಿತು. ಚರ್ಮದ ಡಾಕ್ಟರು ಐದು ನಿಮಿಷ ನೋಡಿದರೂ, ಮನೋವೈದ್ಯರು ಒಂದು ಗಂಟೆ ಕೂತು ಕೇಳಿದರೂ ಅದೇ ಹಣ. ಮೂಳೆ ವಿಭಾಗದಲ್ಲಿ ಆಪರೇಷನ್‌ಗೆ ಪ್ಯಾಕೇಜ್ ಇದೆ, ಅದರಿಂದ ಆಸ್ಪತ್ರೆಯ ಲೆಕ್ಕ ಸರಿಹೋಗುತ್ತದೆ. ಮನೋರೋಗ ವಿಭಾಗದಲ್ಲಿ ಇರುವುದು ಮಾತು, ಮಾತ್ರೆ, ಹಾಸಿಗೆ. ರೋಗಿಯನ್ನು ಇಷ್ಟು ದಿನ ಯಾಕೆ ಇಟ್ಟುಕೊಂಡಿರಿ ಅಂತ ಬಿಲ್ ನೋಡುವವರು ಪ್ರಶ್ನೆ ಹಾಕುತ್ತಾರೆ, ಹಣ ತಿಂಗಳುಗಟ್ಟಲೆ ತಡವಾಗುತ್ತದೆ. "ಬಿಡಬ್ಯಾಡ್ರಿ ಅಂತ ನಾ ಹೇಳಿದೆ, ಮ್ಯಾನೇಜ್‌ಮೆಂಟ್ ಕೇಳಲಿಲ್ಲ" ಅಂದರು. ಅವರ ಹಳೆಯ ರೋಗಿಗಳಲ್ಲಿ ಮಾಜಿ ಸೈನಿಕರು ಬಹಳ ಇದ್ದರಂತೆ. ಅವರಲ್ಲಿ ಕೆಲವರು ಬರುವುದನ್ನೇ ನಿಲ್ಲಿಸಿದ್ದಾರೆ, ಈಗ ಮಾತ್ರೆ ತಗೊಳ್ತಿದ್ದಾರೋ ಇಲ್ಲವೋ ಗೊತ್ತಿಲ್ಲ ಅಂತ ಹೇಳುವಾಗ ಅವರ ಮುಖ ನೋಡಲು ಆಗಲಿಲ್ಲ.

ಈಗ ನೀವು ಮಾಡಬೇಕಾದ್ದು. ರೆಫರಲ್ ಬರೆಸುವ ಮುಂಚೆಯೇ ಆಸ್ಪತ್ರೆಯ ಇಸಿಎಚ್‌ಎಸ್ ಡೆಸ್ಕ್‌ಗೆ ಫೋನ್ ಮಾಡಿ, 'ಸೈಕಿಯಾಟ್ರಿ ಹೊರರೋಗಿ, ಒಳರೋಗಿ ಎರಡಕ್ಕೂ ಈ ತಿಂಗಳು ಕ್ಯಾಶ್‌ಲೆಸ್ ಇದೆಯಾ' ಅಂತ ಕೇಳಿ. ಬರೀ 'ಇಸಿಎಚ್‌ಎಸ್ ಇದೆಯಾ' ಅಂತ ಕೇಳಿದರೆ ಇದೆ ಅಂತಲೇ ಹೇಳುತ್ತಾರೆ. ಹೇಳಿದವರ ಹೆಸರು ಬರೆದುಕೊಳ್ಳಿ. ಕೌನ್ಸೆಲಿಂಗ್ ಬಗ್ಗೆ ಬೇರೆಯಾಗಿ ಕೇಳಿ. ನಮಗೆ ಎಲ್ಲ ಸರಿ ಇದ್ದ ಕಾಲದಲ್ಲೂ ಅದಕ್ಕೆ ನಗದನ್ನೇ ತೆಗೆದುಕೊಂಡಿದ್ದರು.

ಚೀಟಿಯ ಅವಧಿ ಮುಗಿಯುವವರೆಗೆ ಕಾಯಬೇಡಿ. ಮಾತ್ರೆ ಇನ್ನೂ ಕೆಲವು ವಾರಕ್ಕೆ ಇರುವಾಗಲೇ ಹೊಸ ಚೀಟಿ ಮಾಡಿಸಿ. ಪಾಲಿಕ್ಲಿನಿಕ್‌ನಲ್ಲಿ ಮಾತ್ರೆ ಸ್ಟಾಕ್ ಇಲ್ಲ ಅಂದರೆ ಹಾಗಂತ ಚೀಟಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಇಲ್ಲದೆ ಹೊರಗೆ ಕೊಂಡರೆ ಬಿಲ್ ಪಾಸಾಗುವುದು ಕಷ್ಟ.

ಒಪ್ಪಂದ ಇರುವ ಆಸ್ಪತ್ರೆ ಸರಿಯಾದ ರೆಫರಲ್ ತಂದವರಿಂದ ಮುಂಗಡ ಹಣ ಕೇಳುವಂತಿಲ್ಲ. ಕೇಳಿದರೆ ಬರೆದು ಕೊಡಿ ಅನ್ನಿ. ನಗದು ಕಟ್ಟಲೇಬೇಕಾಗಿ ಬಂದರೂ 'ಸ್ವಂತ ಇಚ್ಛೆಯಿಂದ' ಎಂಬ ಸಾಲನ್ನು ಹೊಡೆದುಹಾಕಿ, 'ಈ ವಿಭಾಗ ಪಟ್ಟಿಯಲ್ಲಿ ಇಲ್ಲ ಎಂದು ಆಸ್ಪತ್ರೆ ಹೇಳಿದ್ದರಿಂದ, ತುರ್ತು ಸ್ಥಿತಿಯಲ್ಲಿ' ಅಂತ ಕನ್ನಡದಲ್ಲೇ ಬರೆದು ಸಹಿ ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ತುರ್ತಾಗಿ ಸೇರಿಸಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಫೋನ್ ಜೊತೆ ಒಂದು ಇಮೇಲ್ ಕೂಡ ಹಾಕಿ, ದಾಖಲೆ ಉಳಿಯುತ್ತದೆ. ಡಿಸ್ಚಾರ್ಜ್ ಕಾಗದದಲ್ಲಿ ತುರ್ತು ಎಂಬ ಮಾತು ಬರೆಸಿಕೊಳ್ಳುವವರೆಗೆ ಅಲ್ಲಿಂದ ಹೊರಡಬೇಡಿ. ಚಿಕಿತ್ಸೆಯ ದಾಖಲೆ ಪಡೆಯುವುದು ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಕಲಂ ಪ್ರಕಾರ ರೋಗಿಯ ಹಕ್ಕು.

ನಡುವೆ ಡಾಕ್ಟರು ತಪ್ಪಿಹೋದರೆ ಸರ್ಕಾರಿ ದಾರಿ ಇದೆ, ಅದನ್ನು ಕೀಳಾಗಿ ನೋಡಬೇಡಿ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಧಾರವಾಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಯುತ್ತದೆ, ನಿಮ್ಮ ತಾಲೂಕಿನದು ಯಾವ ಹೊತ್ತಿಗೆ ಅಂತ ವಿಚಾರಿಸಿ. ರಾತ್ರಿ ಹೊತ್ತು ಏನೂ ತೋಚದಿದ್ದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಣ ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಸೈನಿಕರು ಮತ್ತು ಅವರ ಕುಟುಂಬಕ್ಕೆಂದೇ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಇದರ ಒಂದು ಘಟಕ 2023ರ ಡಿಸೆಂಬರ್‌ನಿಂದ ಇದೆ.

ಆಯಿ ಈಗ ಸರ್ಕಾರಿ ಆಸ್ಪತ್ರೆಯ ಡಾಕ್ಟರ ಹತ್ತಿರ ತೋರಿಸಿಕೊಳ್ಳುತ್ತಿದ್ದಾಳೆ. ಲಿಥಿಯಂ ಮಟ್ಟ ಸರಿಗೆ ಬಂದಿದೆ. ಆಸ್ಪತ್ರೆಯ ಮೇಲೆ ಇಸಿಎಚ್‌ಎಸ್ ಪ್ರಾದೇಶಿಕ ಕೇಂದ್ರಕ್ಕೂ, ಕೇಂದ್ರ ಸರ್ಕಾರದ ಕುಂದುಕೊರತೆಯ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲೂ ದೂರು ಕೊಟ್ಟಿದ್ದೇವೆ. ನಿಮಗೂ ಹೀಗೇ ಆಗಿದ್ದರೆ ನೀವೂ ಕೊಡಿ. ಒಂದೇ ಮನೆಯ ದೂರಾದರೆ ಇದು ನಿಮ್ಮ ಆಸ್ಪತ್ರೆಯ ತಕರಾರು ಅಂತ ಮುಚ್ಚಿಬಿಡುತ್ತಾರೆ. ನಮ್ಮ ಹಣ ಇನ್ನೂ ಬಂದಿಲ್ಲ. ಬಂದರೆ ಯಾವ ಕಾಗದ ಕೊಟ್ಟಿದ್ದಕ್ಕೆ ಬಂತು ಅಂತ ಬರೆದು ಹಾಕುತ್ತೇನೆ.