ಬಾನೆಟ್ಟಿನ ಒಂಬತ್ತು ಗಾಯಗಳು: ಟಚ್‌ಅಪ್ ಕಿಟ್ ಒಂದು ಮಳೆಗಾಲ ದಾಟಿದ ಮೇಲೆ

ನರೇಂದ್ರ ಕ್ರಾಸಿನಿಂದ ಗಬ್ಬೂರಿನವರೆಗಿನ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ದಿನಾಲೂ ಓಡಾಡುವ ಕಾರುಗಳನ್ನು ಅವುಗಳ ಮುಖ ನೋಡಿಯೇ ಗುರುತಿಸಬಹುದು. ರಸ್ತೆ ಅಗಲೀಕರಣ ನಡೆದ ಕಾಲದಲ್ಲಿ ಖಡಿ ತುಂಬಿದ ಟಿಪ್ಪರುಗಳ ಹಿಂದೆ ಸಾಲುಗಟ್ಟಿ ಸಾಗದೆ ಬೇರೆ ದಾರಿಯಿರಲಿಲ್ಲ. ಹರಳೊಂದು ಸಿಡಿದು ‘ಟಣ್’ ಎಂದು ಸದ್ದಾಯಿತೆಂದರೆ ಮನೆಗೆ ಬಂದು ನೋಡಿದಾಗ ಬಾನೆಟ್ಟಿನ ಮೇಲೆ ಹೊಸದೊಂದು ಚುಕ್ಕೆ ಕಾಣುತ್ತಿತ್ತು. ಧಾರವಾಡದ ಮನೆಯಿಂದ ಹುಬ್ಬಳ್ಳಿಯ ಆಚೆಗಿನ ನೌಕರಿಗೆ ನಾನು ಓಡಿಸುವ ಬೆಳ್ಳಿ ಬಣ್ಣದ 2016ರ ಸ್ವಿಫ್ಟ್ ಕಾರಿನಲ್ಲಿ ಕಳೆದ ಫೆಬ್ರುವರಿಯ ಹೊತ್ತಿಗೆ ಇಂಥ 14 ಗಾಯಗಳಿದ್ದವು: ಬಾನೆಟ್ಟಿನಲ್ಲಿ 9, ಎಡಗಡೆಯ ಫೆಂಡರಿನಲ್ಲಿ (ಮುಂದಿನ ಚಕ್ರದ ಮೇಲಿನ ತಗಡು) 2, ಮುಂದಿನ ಬಂಪರಿನಲ್ಲಿ 3. ಹೆಚ್ಚಿನವು ಸಾಸಿವೆ ಕಾಳಿನಷ್ಟು, ಎಲ್ಲಕ್ಕಿಂತ ದೊಡ್ಡದು ಕಡಲೆಬೇಳೆಯಷ್ಟು. ಅವನ್ನು ಮನೆಯಲ್ಲಿಯೇ ಮುಚ್ಚಲು ತರಿಸಿದ ಟಚ್‌ಅಪ್ ಕಿಟ್ಟಿನ ಬಗ್ಗೆ ಹಚ್ಚಿದ ವಾರದಲ್ಲೇ ಬರೆಯಬಹುದಿತ್ತು. ಆದರೆ ಇಂಥ ವಸ್ತುವಿನ ಗುಣ ಒಂದು ಮಳೆಗಾಲ ಕಳೆಯದೆ ತಿಳಿಯುವುದಿಲ್ಲವೆಂದು ಕಾದು, ದೀಪಾವಳಿ ಮುಗಿದ ಮೇಲೆ ಈಗ ಬರೆಯುತ್ತಿದ್ದೇನೆ.

ಇಷ್ಟು ಸಣ್ಣ ಚುಕ್ಕೆಗೆ ಇಷ್ಟೊಂದು ಕಾಳಜಿ ಏಕೆ ಎಂದು ಕೇಳುವವರಿದ್ದಾರೆ. ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಒಂದು ಪದರ, ಅದರ ಮೇಲೆ ಬಣ್ಣ ಹಿಡಿದು ನಿಲ್ಲಲು ಬಳಿಯುವ ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಗೆ ಹೊಳಪು ಕೊಡುವ ಕ್ಲಿಯರ್ ಕೋಟ್ ಹೀಗೆ ನಾಲ್ಕು ಪದರಗಳಿರುತ್ತವೆ. ನಾಲ್ಕೂ ಸೇರಿದರೆ ಸುಮಾರು 100ರಿಂದ 120 ಮೈಕ್ರಾನ್, ಅಂದರೆ ಝೆರಾಕ್ಸ್ ತೆಗೆಸುವ ಒಂದು ಹಾಳೆಯಷ್ಟು ದಪ್ಪ. ಖಡಿ ತಾಗಿ ಬಣ್ಣ ಮಾತ್ರ ಎಗರಿ ಒಳಗೆ ಬೂದು ಬಣ್ಣದ ಪ್ರೈಮರ್ ಕಾಣುತ್ತಿದ್ದರೆ ಅವಸರವಿಲ್ಲ. ಗಾಯದ ನಡುವೆ ತಗಡು ಮಿನುಗುತ್ತಿದ್ದರೆ ಅಥವಾ ಚಹಾದ ಬಣ್ಣದ ಕಲೆ ಮೂಡಿದ್ದರೆ ತಡಮಾಡಬಾರದು, ಏಕೆಂದರೆ ತುಕ್ಕು ಬಿದ್ದ ಜಾಗದಲ್ಲಿ ಮೇಲೆ ಕಾಣುವುದಕ್ಕಿಂತ ಹೆಚ್ಚು ಅಗಲಕ್ಕೆ ಬಣ್ಣದ ಅಡಿಯಲ್ಲಿ ಹಬ್ಬಿ, ಮುಂದೊಂದು ದಿನ ಬಣ್ಣವನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ನನ್ನ 9ರಲ್ಲಿ 3 ಗಾಯಗಳು ತಗಡಿನವರೆಗೆ ಇಳಿದಿದ್ದವು. ಗ್ಯಾರೇಜಿನಲ್ಲಿ ಕೇಳಿದಾಗ, ಲೋಹದಂತೆ ಮಿನುಗುವ ಇಂಥ ಮೆಟಾಲಿಕ್ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಸ್ಪ್ರೇ ಮಾಡಿದರೆ ತೇಪೆ ಹಾಕಿದಂತೆ ಕಾಣುವುದರಿಂದ ಬಾನೆಟ್ ಪೂರ್ತಿ ಹೊಡೆಯಬೇಕು, 4,500 ರೂಪಾಯಿ ಆಗುತ್ತದೆ ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ವಿಮೆಯ ಕ್ಲೇಮ್ ಮಾಡಿದರೆ ಮೊದಲ 1,000 ರೂಪಾಯಿ ನಮ್ಮದೇ, ಮೇಲಾಗಿ ಐದು ವರ್ಷ ಕ್ಲೇಮ್ ಮಾಡದೆ ಉಳಿಸಿಕೊಂಡ ಶೇ 50ರ ನೋ ಕ್ಲೇಮ್ ಬೋನಸ್ (ಪ್ರೀಮಿಯಮ್ಮಿನ ರಿಯಾಯಿತಿ) ಕೈಬಿಟ್ಟು ಹೋಗುತ್ತದೆ. ಸಾಸಿವೆ ಕಾಳಿನಷ್ಟರ ಗಾಯಕ್ಕೆ ಅದು ತಕ್ಕ ವ್ಯವಹಾರವಲ್ಲ.

ಬಣ್ಣದ ಕೋಡ್ ತಿಳಿಸಿದರೆ ಅದಕ್ಕೆ ತಕ್ಕಂತೆ ಕಲೆಸಿ ಕಳಿಸುವ ಒಂದು ಸಂಸ್ಥೆಯಿಂದ ಕಿಟ್ ತರಿಸಿದೆ. ಬೆಲೆ 899 ರೂಪಾಯಿ. ಪ್ರೈಮರ್, ಬಣ್ಣ, ಕ್ಲಿಯರ್ ಇವುಗಳ 15 ಮಿಲಿಲೀಟರಿನ ಮೂರು ಬಾಟಲಿಗಳು, ಒಂದೊಂದರ ಮುಚ್ಚಳಕ್ಕೂ ಅಂಟಿದ ಬ್ರಷ್, ನೀರಿನಲ್ಲಿ ಅದ್ದಿ ತಿಕ್ಕುವ 2000 ನಂಬರಿನ ವಾಟರ್ ಪೇಪರಿನ ಒಂದು ತುಂಡು, ಸ್ಪಿರಿಟ್ಟಿನ ಎರಡು ಒರೆಸುವ ಕಾಗದ, ಕೊನೆಗೆ ತಿಕ್ಕಿ ಹೊಳಪು ತರುವ ರಬ್ಬಿಂಗ್ ಕಂಪೌಂಡಿನ ಸಣ್ಣ ಪೊಟ್ಟಣ ಅದರಲ್ಲಿದ್ದವು. ತರಿಸುವವರಿಗೆ ಒಂದು ಮಾತು: ‘ಸಿಲ್ವರ್’ ಎಂದಷ್ಟೇ ಹೇಳಿ ಯಾವ ಬಣ್ಣವನ್ನೂ ಕೊಳ್ಳಬೇಡಿರಿ. ಕಾರಿನ ಗುರುತಿನ ತಗಡಿನ ಮೇಲೆ ಬಣ್ಣದ ಕೋಡ್ ಒತ್ತಿರುತ್ತಾರೆ. ನನ್ನ ಕಾರಿನ ಸಿಲ್ಕಿ ಸಿಲ್ವರ್ ಬಣ್ಣದ ಕೋಡ್ ‘ಜೆಡ್ 2 ಎಸ್’. ಒಂದೇ ಕಂಪನಿಯ ಎರಡು ಬೆಳ್ಳಿ ಬಣ್ಣಗಳು ಕೂಡ ಅಕ್ಕಪಕ್ಕ ಇಟ್ಟರೆ ಬೇರೆಯೇ ಕಾಣುತ್ತವೆ.

ಬಣ್ಣ ಹೊಂದುತ್ತದೆಯೇ ಎಂಬುದೇ ಎಲ್ಲರ ಮೊದಲ ಪ್ರಶ್ನೆ, ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾರಿಗೆ ಹಚ್ಚುವ ಮೊದಲು ಹಳೆಯ ಲಗ್ನಪತ್ರಿಕೆಯೊಂದರ ನುಣುಪು ಕಾಗದದ ಮೇಲೆ ಮೂರು ಕಡೆ ಹಚ್ಚಿ ಒಣಗಿಸಿ, ಮೇಲೆ ಕ್ಲಿಯರ್ ಕೊಟ್ಟು, ಆ ಕಾಗದವನ್ನು ಬಾನೆಟ್ಟಿನ ಮೇಲಿಟ್ಟು ಬೆಳಗಿನ ಬಿಸಿಲಿನಲ್ಲಿ ನೋಡಿದೆ. ನೇರವಾಗಿ ನೋಡಿದಾಗ ಗುರುತು ಹತ್ತದಷ್ಟು ಚೆನ್ನಾಗಿ ಹೊಂದಿತು. ಬಗ್ಗಿ ಪಕ್ಕದಿಂದ ನೋಡಿದಾಗ ಮಾತ್ರ ಒಂದು ಛಾಯೆ ಕಪ್ಪಾಗಿ ಕಂಡಿತು. ಇದು ಕಲೆಸಿದವರ ತಪ್ಪಲ್ಲ. ಮೆಟಾಲಿಕ್ ಬಣ್ಣದೊಳಗೆ ಅಲ್ಯೂಮಿನಿಯಮ್ಮಿನ ಅತಿ ಸಣ್ಣ ಹಾಳೆಚೂರುಗಳಿರುತ್ತವೆ. ಕಾರ್ಖಾನೆಯಲ್ಲಿ ತೆಳುವಾಗಿ ಸ್ಪ್ರೇ ಮಾಡಿದಾಗ ಅವು ಹಂಚು ಹೊದೆಸಿದಂತೆ ಮಲಗಿ ಬೆಳಕನ್ನು ಒಂದೇ ಕಡೆಗೆ ತಿರುಗಿಸುತ್ತವೆ, ಬ್ರಷ್‌ನಿಂದ ಹನಿ ಇಟ್ಟಾಗ ಅಡ್ಡಾದಿಡ್ಡಿಯಾಗಿ ನಿಲ್ಲುತ್ತವೆ. ಯಾವ ಸಂಸ್ಥೆಯ ಕಿಟ್ ತಂದರೂ ಇದು ತಪ್ಪುವುದಿಲ್ಲ. ಅಚ್ಚ ಬಿಳಿ ಅಥವಾ ಕೆಂಪಿನಂಥ ಸಾದಾ ಬಣ್ಣದ ಕಾರುಗಳವರಿಗೆ ಈ ಚಿಂತೆಯೇ ಇಲ್ಲ. ಆ ಚೂರುಗಳು ಬಾಟಲಿಯ ತಳದಲ್ಲಿ ಕೂರುವುದರಿಂದ ಎರಡು ನಿಮಿಷವಾದರೂ, ಒಳಗಿನ ಗುಂಡಿನ ಸದ್ದು ಸ್ಪಷ್ಟವಾಗಿ ಕೇಳುವಂತೆ, ಅಲುಗಾಡಿಸಲೇಬೇಕು; ಅಲುಗಾಡಿಸದೆ ಹಚ್ಚಿದ ಮೊದಲ ಮಾದರಿ ಸೀಸದ ಬಣ್ಣಕ್ಕೆ ತಿರುಗಿತ್ತು.

ಬಣ್ಣಕ್ಕೆ ಪೂರ್ತಿ ಅಂಕ ಕೊಡುವ ನಾನು ಬ್ರಷ್ಷಿಗೆ ಒಂದು ಅಂಕವನ್ನೂ ಕೊಡಲಾರೆ. ಮುಚ್ಚಳದ ಬ್ರಷ್ ಉಗುರು ಬಣ್ಣದ ಬ್ರಷ್ಷಿನಷ್ಟು ದಪ್ಪ, ಅದರ ತುದಿಯ ಹನಿಯೇ ಗಾಯಕ್ಕಿಂತ ಎರಡು ಪಟ್ಟು ದೊಡ್ಡದು. ಅದನ್ನು ನಂಬಿ ಮುಚ್ಚಿದ ಫೆಂಡರಿನ ಮೊದಲ ಗಾಯ, ಸುತ್ತಲಿನ ಒಳ್ಳೆಯ ಬಣ್ಣದ ಮೇಲೂ ಹರಡಿ, ಮೂಲ ಗಾಯಕ್ಕಿಂತ ಎದ್ದು ಕಾಣುವ ಗುಬ್ಬಿಯಾಯಿತು. ಹಸಿ ಇರುವಾಗಲೇ ಥಿನ್ನರಿನಲ್ಲಿ ಅದ್ದಿದ ಬಟ್ಟೆಯ ಮೂಲೆಯಿಂದ ಅದನ್ನು ಒರೆಸಿ ತೆಗೆದೆ. ಮರುದಿನ ಧಾರವಾಡದ ಸುಭಾಷ ರಸ್ತೆಯಲ್ಲಿ ಚಿತ್ರಕಲೆಯ ಸಾಮಾನು ಮಾರುವ ಅಂಗಡಿಯಿಂದ ಮೂರು ಸೊನ್ನೆಯ ನಂಬರಿನ ಅತಿ ಸಣ್ಣ ಬ್ರಷ್ ತಂದೆ. ಅದಕ್ಕಿಂತ ಸಣ್ಣ ಗಾಯಗಳಿಗೆ ಹಲ್ಲುಕಡ್ಡಿಯ ಮೊನೆಯೇ ಸರಿ. ಬಣ್ಣವನ್ನು ಬಳಿಯುವುದಲ್ಲ, ಮೊನೆಯಲ್ಲಿ ಹನಿ ಹಿಡಿದು ಗಾಯದ ನಡುವೆ ತಾಗಿಸಿದರೆ ಸಾಕು, ಹನಿ ತಾನಾಗಿಯೇ ಅಂಚಿನವರೆಗೆ ಹರಿದು ನಿಲ್ಲುತ್ತದೆ. 899 ರೂಪಾಯಿ ಪಡೆಯುವವರು 20 ರೂಪಾಯಿಯ ಈ ಬ್ರಷ್ಷನ್ನು ಕೊಡದಿರುವುದು ನನಗೆ ಅರ್ಥವಾಗಿಲ್ಲ.

ಹಚ್ಚುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಸ್ವಚ್ಛ ಮಾಡುವ ಕೆಲಸ. ಕಾರನ್ನು ಶಾಂಪೂ ಹಾಕಿ ತೊಳೆದು, ಪೂರ್ತಿ ಒಣಗಿದ ಮೇಲೆ ಪ್ರತಿಯೊಂದು ಗಾಯವನ್ನು ಸ್ಪಿರಿಟ್ಟಿನಿಂದ ಒರೆಸಬೇಕು, ಏಕೆಂದರೆ ಹಿಂದೆ ಹಚ್ಚಿದ ವ್ಯಾಕ್ಸಿನ ಜಿಡ್ಡಿನ ಮೇಲೆ ಪ್ರೈಮರ್ ಹಿಡಿಯುವುದಿಲ್ಲ. ತುಕ್ಕು ಹಿಡಿದ ಗಾಯಗಳನ್ನು ದಪ್ಪ ಸೂಜಿಯ ಮೊನೆಯಿಂದ ಕೆರೆಯಬೇಕು. ಕೆರೆಯುತ್ತ ಹೋದಂತೆ ಕಂದು ಪುಡಿ ಉದುರಿ, ಅಂಚಿನಲ್ಲಿ ಗಟ್ಟಿಯೆನಿಸಿದ ಬಣ್ಣವೂ ಸಣ್ಣ ಚಕ್ಕೆಯಾಗಿ ಎದ್ದು ಬಂದು, ಸಾಸಿವೆಯಷ್ಟಿದ್ದದ್ದು ಜೋಳದ ಕಾಳಿನಷ್ಟಾಗುತ್ತದೆ. ಆಗ ಕೈ ಹಿಂಜರಿಯುತ್ತದೆ, ಆದರೆ ತಗಡು ಬೆಳ್ಳಗೆ ಹೊಳೆಯುವವರೆಗೆ ನಿಲ್ಲಿಸಬಾರದು.

ಕಿಟ್ಟಿನ ಜೊತೆಗಿದ್ದ ಸೂಚನೆಯ ಚೀಟಿಯಲ್ಲಿ ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಹತ್ತು ನಿಮಿಷ ಬಿಟ್ಟರೆ ಸಾಕು ಎಂದು ಬರೆದಿದ್ದರು. ಇದು ನನ್ನ ದೊಡ್ಡ ತಕರಾರು. ಅವರ ಮಾತಿನಂತೆ ಮೊದಲ ದಿನ ಎರಡು ಗಾಯಗಳನ್ನು ಸಂಜೆಯೊಳಗೆ ಸಮನಾಗಿ ತುಂಬಿಸಿದೆ. ಬೆಳಿಗ್ಗೆ ನೋಡಿದರೆ ಎರಡೂ ಬಾವಿಯಂತೆ ನಡುವೆ ತಗ್ಗಾಗಿದ್ದವು. ಬಣ್ಣದಲ್ಲಿ ಹೆಚ್ಚಿನ ಪಾಲು ದ್ರಾವಕ, ಅದು ಆರಿಹೋದಂತೆ ಬಣ್ಣ ಕುಗ್ಗುತ್ತದೆ. ಮೇಲಿನ ಪದರ ಬೇಗ ಗಟ್ಟಿಯಾದರೆ ಒಳಗಿನ ದ್ರಾವಕ ಸಿಕ್ಕಿಕೊಂಡು ವಾರಗಟ್ಟಲೆ ಮೆತ್ತಗೇ ಉಳಿಯುತ್ತದೆ. ಉಳಿದ ಗಾಯಗಳಿಗೆ ನಾನು ಬೇರೆ ಕ್ರಮ ಹಿಡಿದೆ: ತಗಡು ಕಂಡಲ್ಲಿ ಮಾತ್ರ ತೆಳುವಾಗಿ ಪ್ರೈಮರ್, ಒಂದು ರಾತ್ರಿ ಬಿಟ್ಟು ಬಣ್ಣದ ತೆಳು ಪದರಗಳು, ಬೆಳಿಗ್ಗೆ ಒಂದು, ಸಂಜೆ ಒಂದು, ಮೂರನೆಯ ದಿನ ಕ್ಲಿಯರ್, ಅದೂ ಎರಡು ಸಲ. ಬಾನೆಟ್ಟಿನ ಕೆಲಸ ಐದು ದಿನ ಹಿಡಿಯಿತು, ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚಲ್ಲ.

ಹವೆಯ ಮಾತನ್ನೂ ಆ ಚೀಟಿಯಲ್ಲಿ ಬರೆದಿರಲಿಲ್ಲ. ಫೆಬ್ರುವರಿಯ ಧಾರವಾಡ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು: ಒಣ ಹವೆ, ಬೆಳಿಗ್ಗೆ ಗಾಳಿ ಕಡಿಮೆ, ನೆರಳಿನಲ್ಲಿ ನಿಂತ ಬಾನೆಟ್ ಕೈಗೆ ತಂಪು. ಇದೇ ಬಾಟಲಿಯಿಂದ ಜುಲೈನಲ್ಲಿ, ಜಿಟಿಜಿಟಿ ಮಳೆ ಬಿಟ್ಟ ಒಂದು ಮಧ್ಯಾಹ್ನ, ಬಾಗಿಲಿನ ಅಂಚಿನ ಹೊಸ ಗಾಯವೊಂದಕ್ಕೆ ಹಚ್ಚಿದಾಗ ಕ್ಲಿಯರ್ ಕೋಟ್ ಹತ್ತು ನಿಮಿಷದಲ್ಲಿ ಮಜ್ಜಿಗೆ ನೀರಿನಂತೆ ಬೆಳ್ಳಗಾಯಿತು. ದ್ರಾವಕ ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುವುದರಿಂದ ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂತು ಒಳಗೆ ಸೇರಿಬಿಡುತ್ತದೆ. ಅದನ್ನು ತೆಗೆದು ನವೆಂಬರಿನಲ್ಲಿ ಮತ್ತೆ ಹಚ್ಚಬೇಕಾಯಿತು. ನಡು ಬೇಸಿಗೆಯ ಬಿಸಿಲಿನಲ್ಲಿ ಕಾದ ಬಾನೆಟ್ಟಿನ ಮೇಲೆಯೂ ಹಚ್ಚಬಾರದು, ಬಣ್ಣ ಹರಿಯುವ ಮೊದಲೇ ಬಿಗಿಯುತ್ತದೆ.

ತಿಕ್ಕಿ ನುಣುಪು ಮಾಡುವ ವಿಷಯದಲ್ಲಿ ಹೆದರಿಸುವುದು ನನ್ನ ಉದ್ದೇಶವಲ್ಲ, ಎಚ್ಚರಿಸುವುದು ಮಾತ್ರ. ಕಾರ್ಖಾನೆಯ ಕ್ಲಿಯರ್ ಕೋಟ್ ಸುಮಾರು 40 ಮೈಕ್ರಾನ್ ಇರುತ್ತದೆ, ಕಿಟ್ಟಿನ 2000 ನಂಬರಿನ ಕಾಗದವನ್ನು ಬೆರಳಿನಿಂದ ಒತ್ತಿ ತಿಕ್ಕಿದರೆ ಗಾಯದ ಸುತ್ತಲಿನ ಆ ಪದರವೇ ಸವೆಯುತ್ತದೆ. ನಾನು ಹತ್ತು ದಿನ ಬಿಟ್ಟು, ಅದಕ್ಕಿಂತ ನಯವಾದ 3000 ನಂಬರಿನ ಕಾಗದದ ಚೂರೊಂದನ್ನು ಪೆನ್ಸಿಲ್ಲಿನ ಹಿಂಬದಿಯ ರಬ್ಬರಿಗೆ ಸುತ್ತಿ, ಸಾಬೂನು ನೀರಿನಲ್ಲಿ ಅದ್ದಿ, ಎತ್ತರ ಉಳಿದ ಕ್ಲಿಯರಿನ ತಲೆಯನ್ನಷ್ಟೇ ತಗ್ಗಿಸಿದೆ. ಬೆಳ್ಳಿ ಬಣ್ಣಕ್ಕೆ ಕಾಗದ ತಾಗಿತೆಂದರೆ ಒಳಗಿನ ಲೋಹದ ಚೂರುಗಳು ಕೆರೆದು ಆ ಜಾಗ ಕಪ್ಪಾಗುತ್ತದೆ, ಆದ್ದರಿಂದ ಮೆಟಾಲಿಕ್ ಕಾರಿನವರು ಕ್ಲಿಯರ್ ಕೊಡದೆ ಕಾಗದ ಮುಟ್ಟಲೇಬಾರದು. ಕಂಪೌಂಡಿನ ಪೊಟ್ಟಣ ಚೆನ್ನಾಗಿಯೇ ಇತ್ತು, 9 ಗಾಯಗಳಿಗೆ ಸಾಲುವಷ್ಟು ಬಂತು.

ಬಂಪರಿನ 3 ಗಾಯಗಳಲ್ಲಿ ಕಿಟ್ ಸೋತಿದೆ. ಬಂಪರ್ ಪ್ಲಾಸ್ಟಿಕ್ಕಿನದು, ತುಕ್ಕಿನ ಭಯವಿಲ್ಲ. ಆದರೆ ಪ್ಲಾಸ್ಟಿಕ್ಕಿಗೆ ಬಣ್ಣ ಅಂಟಬೇಕಾದರೆ ಅದಕ್ಕೆಂದೇ ಇರುವ ಬೇರೆ ಪ್ರೈಮರ್ ಬೇಕು. ಅದನ್ನು ಕೊಡದೆ ‘ಬಂಪರಿಗೂ ಬಳಸಬಹುದು’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದ್ದು ಸರಿಯಲ್ಲ. ಏಪ್ರಿಲ್‌ನಲ್ಲಿ ವಾಟರ್ ಸರ್ವಿಸಿಂಗ್ ಮಾಡಿಸಿದ ದಿನ ನೀರಿನ ರಭಸಕ್ಕೆ ಒಂದು ಹನಿ ಇಡಿಯಾಗಿ ಕಳಚಿ ಬಿತ್ತು, ಎರಡನೆಯದು ಶ್ರಾವಣದಲ್ಲಿ ಹೋಯಿತು.

ಹುಬ್ಬಳ್ಳಿಯ ಪಿ.ಬಿ. ರಸ್ತೆಯ ಪೇಂಟ್ ಅಂಗಡಿಯೊಂದರಲ್ಲಿ ಕೋಡ್ ನೋಡಿ ಕಂಪ್ಯೂಟರಿನಲ್ಲಿ ಕಲೆಸಿ ಕೊಡುವ ವ್ಯವಸ್ಥೆಯನ್ನೂ ವಿಚಾರಿಸಿದೆ. ಅಲ್ಲಿಯ ಕೆಲಸಗಾರರು ಹೊರಗೆ ಬಂದು, ಪೆಟ್ರೋಲ್ ಮುಚ್ಚಳವನ್ನು ಬಿಸಿಲಿಗೆ ತಿರುಗಿಸಿ ನೋಡಿ, ಬಿಸಿಲಿಗೆ ಮಾಸಿದ ಹಳೆಯ ಕಾರಿಗೆ ಕೋಡಿನ ಬಣ್ಣಕ್ಕಿಂತ ತುಸು ಬೇರೆ ಬೇಕಾಗುತ್ತದೆ ಎಂದು ತಿಳಿಸಿ ಹೇಳಿದ ರೀತಿ ಬಹಳ ಹಿಡಿಸಿತು. ಆದರೆ ಕನಿಷ್ಠ 100 ಮಿಲಿಲೀಟರ್ ಕೊಳ್ಳಬೇಕು, ಥಿನ್ನರ್ ಮತ್ತು ಕ್ಲಿಯರ್ ಬೇರೆ. ಒಂದೇ ಬಣ್ಣದ ಎರಡು ಮೂರು ಕಾರುಗಳಿರುವ ಮನೆಗೆ ಅಥವಾ ಟ್ಯಾಕ್ಸಿ ಓಡಿಸುವವರಿಗೆ ಅದೇ ಲೇಸು. ಒಂದು ಕಾರಿನ ಹತ್ತಿಪ್ಪತ್ತು ಚುಕ್ಕೆಗಳಿಗೆ ಈ ಕಿಟ್ ಸಾಕು, ಬ್ರಷ್ ಮತ್ತು ಕಾಗದ ಬೇರೆ ತರುವುದಾದರೆ. ಮೂರು ಬಾಟಲಿಗಳಲ್ಲಿ ಮುಕ್ಕಾಲು ಪಾಲು ಇನ್ನೂ ಉಳಿದಿದೆ. ಮುಚ್ಚಳದ ಅಂಚನ್ನು ಪ್ರತಿ ಸಲ ಒರೆಸಿ ಬಿಗಿಯಾಗಿ ಹಾಕಿ, ಟ್ರಂಕಿನೊಳಗೆ ನೆಟ್ಟಗೆ ನಿಲ್ಲಿಸಿ ಇಟ್ಟಿದ್ದೇನೆ.

ಮೊನ್ನೆ ಕಾರನ್ನು ತೊಳೆದು ಬಿಸಿಲಿಗೆ ನಿಲ್ಲಿಸಿ ಒಂದೊಂದಾಗಿ ಪರೀಕ್ಷಿಸಿದೆ. ಒಂದು ಮಾರು ದೂರದಿಂದ ಬಾನೆಟ್ಟಿನಲ್ಲಿ ಏನೂ ಕಾಣುವುದಿಲ್ಲ. ಹತ್ತಿರ ಬಗ್ಗಿದರೆ 9 ಜಾಗಗಳೂ ಗೊತ್ತಾಗುತ್ತವೆ, ಕೈಯಾಡಿಸಿದರೆ 2 ಮಾತ್ರ ತಡೆಯುತ್ತವೆ. ಎಂಟರಲ್ಲಿ ತುಕ್ಕಿನ ಸುಳಿವಿಲ್ಲ. ಒಂಬತ್ತನೆಯದು ಬಾನೆಟ್ಟಿನ ಮುಂಚೂಣಿಯಲ್ಲಿ, ತಗಡು ಒಳಕ್ಕೆ ಮಡಿಚಿಕೊಳ್ಳುವ ಅಂಚಿನಲ್ಲಿದೆ. ಅಲ್ಲಿ ಸೂಜಿ ಸರಿಯಾಗಿ ಹೋಗದ್ದರಿಂದ ಅರ್ಧಕ್ಕೆ ಬಿಟ್ಟಿದ್ದೆ. ಕ್ಲಿಯರಿನ ಅಡಿಯಲ್ಲಿ ಕೂದಲೆಳೆಯಷ್ಟು ಕಂದು ಗೆರೆ ಮೂಡಿದೆ. ಈ ಭಾನುವಾರ ಬಾನೆಟ್ ಎತ್ತಿ ಕಟ್ಟಿ, ಕೆಳಗಿನಿಂದ ಕೆರೆದು, ಅದೊಂದನ್ನು ಮೊದಲಿನಿಂದ ಮಾಡಬೇಕಾಗಿದೆ.