ಬೆಲ್‌ಫಾಸ್ಟ್‌ನ ‘ಪೀಸ್ ವಾಲ್ಸ್’ ಯೋಜನೆ: ದುಡ್ಡು ಎಲ್ಲಿ ಕೆಲಸ ಮಾಡಿತು, ಎಲ್ಲಿ ಸಿಕ್ಕಿಕೊಂಡಿತು

ರೇಟಿಂಗ್: 5ಕ್ಕೆ 3.5

ಕೋಮು ಸೌಹಾರ್ದಕ್ಕೆ ದುಡ್ಡು ಹಾಕಬೇಕು ಎನ್ನುವವರು ಇಂಟರ್‌ನ್ಯಾಷನಲ್ ಫಂಡ್ ಫಾರ್ ಐರ್ಲೆಂಡ್ 2012ರಲ್ಲಿ ಶುರು ಮಾಡಿದ ಈ ಯೋಜನೆಯನ್ನು ಕೂಲಂಕಷವಾಗಿ ನೋಡಬೇಕು. ನಿಧಿಯನ್ನು ಬ್ರಿಟನ್, ಐರ್ಲೆಂಡ್ ಸರ್ಕಾರಗಳು 1986ರಲ್ಲಿ ಸ್ಥಾಪಿಸಿದವು. ದುಡ್ಡು ಬಂದಿದ್ದು ಅಮೆರಿಕ, ಐರೋಪ್ಯ ಒಕ್ಕೂಟ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ. ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಬೀದಿಗಳ ಮಧ್ಯೆ ಗಲಭೆ ತಡೆಯಲು 1969ರಿಂದ ಎದ್ದ ಗೋಡೆಗಳನ್ನು (ಇವೇ ‘ಪೀಸ್ ವಾಲ್ಸ್’) ಅಕ್ಕಪಕ್ಕದ ನಿವಾಸಿಗಳ ಒಪ್ಪಿಗೆ ಪಡೆದೇ ತೆಗೆಯುವುದು ಉದ್ದೇಶ.

ಇದರಲ್ಲಿ ತುಂಬ ಮೆಚ್ಚಬೇಕಾದ್ದು ಒಂದು: ಸ್ಥಳೀಯ ಕಾರ್ಯಕರ್ತರಿಗೆ ಸಂಬಳ ಕೊಟ್ಟಿದ್ದು. ನಮ್ಮಲ್ಲಿ ಗಣೇಶನ ಹಬ್ಬಕ್ಕೆ ಮುಂಚೆ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ, ಮುಖಂಡರು ಚಹಾ ಕುಡಿದು ಹೋಗುತ್ತಾರೆ. ಮರುದಿನ ಆ ಕೆಲಸ ಯಾರದ್ದೂ ಅಲ್ಲ. ಅಲ್ಲಿ ಆ ಮರುದಿನದ ಕೆಲಸಕ್ಕೇ ದುಡ್ಡು. ಗೋಡೆಯ ಎರಡೂ ಬದಿಯ ಕಾರ್ಯಕರ್ತರ ಬಳಿ ಪರಸ್ಪರರ ಮೊಬೈಲ್ ನಂಬರ್ ಇರುತ್ತದೆ. ರಾತ್ರಿ ಕಲ್ಲು ಬಿದ್ದರೆ, ವದಂತಿ ಹಬ್ಬುವ ಮುಂಚೆ ಫೋನ್ ಹೋಗುತ್ತದೆ. 2021ರ ಏಪ್ರಿಲ್‌ನಲ್ಲಿ ಗೋಡೆಯಲ್ಲಿರುವ ಲ್ಯಾನಾರ್ಕ್ ವೇ ಗೇಟಿನ ಬಳಿ ಬಸ್ಸು ಸುಟ್ಟು ಗಲಭೆಯಾದಾಗ, ಹುಡುಗರಿಗೆ ಅಡ್ಡ ನಿಂತವರಲ್ಲಿ ಇಂಥ ಸಮುದಾಯ ಕಾರ್ಯಕರ್ತರಿದ್ದರು.

ಕೆಲಸದ ಕ್ರಮವೂ ಸರಿಯಿದೆ. ಮೊದಲು ಮನೆಮನೆ ಸಮೀಕ್ಷೆ, ಅದರಲ್ಲೂ ಹಿತ್ತಿಲು ಗೋಡೆಗೆ ತಾಗಿದ ಮನೆಗಳ ಮಾತಿಗೆ ಹೆಚ್ಚು ತೂಕ. ‘ಗೋಡೆ ಬೇಕೋ ಬೇಡವೋ’ ಎಂದು ಕೇಳಿದರೆ ಹೆದರಿದ ಜನ ಬೇಕೆಂದೇ ಹೇಳುತ್ತಾರೆ. ‘ಏನು ಮಾಡಿಕೊಟ್ಟರೆ ಒಪ್ಪುತ್ತೀರಿ’ ಎಂದು ಕೇಳಬೇಕು. ಆಗ ಗಟ್ಟಿ ಗಾಜಿನ ಕಿಟಕಿ, ಬೀದಿದೀಪ, ಸಿಸಿಟಿವಿ, ಕರೆದರೆ ಪೊಲೀಸರು ಬರುವ ಭರವಸೆ ಎಂಬ ಪಟ್ಟಿ ಸಿಗುತ್ತದೆ. ಆಮೇಲೆ ಗೇಟು ತೆರೆಯುವ ಹೊತ್ತನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುವುದು, ಕಡೆಗೆ ಗೋಡೆ. ಕ್ರಮ್ಲಿನ್ ರಸ್ತೆಯಲ್ಲಿ ವರ್ಷಗಳ ಮಾತುಕತೆಯ ನಂತರ 2016ರಲ್ಲಿ ಎಂಟಡಿಯ ಇಟ್ಟಿಗೆ ಗೋಡೆ ಬಿದ್ದು ಕಂಬಿ ಬೇಲಿ ಬಂತು. ಆಚೆಗಿರುವವರ ಮುಖ ಕಾಣುವ ಬೇಲಿ. ಪ್ರಾಟೆಸ್ಟೆಂಟರು ಜುಲೈನಲ್ಲಿ ನಡೆಸುವ ಮೆರವಣಿಗೆಗಳ ಸಮಯದಲ್ಲಿ ಮಾತ್ರ ಒಪ್ಪಿಗೆ ಕೇಳಲು ಹೋಗಬಾರದು, ತಿಂಗಳುಗಳ ಶ್ರಮ ನೀರುಪಾಲಾಗುತ್ತದೆ.

ಇನ್ನು ಕೊರತೆ. ನಿಧಿಯ ಕೈಯಲ್ಲಿ ಗೋಡೆಯೇ ಇಲ್ಲ. ಹೆಚ್ಚಿನವು ನ್ಯಾಯ ಇಲಾಖೆಯವು, ಕೆಲವು ವಸತಿ ಸಂಸ್ಥೆಯವು. ನಿವಾಸಿ ಹೂಂ ಎಂದ ಮೇಲೂ ಕಿಟಕಿಯ ಕಡತ ಬೇರೆ ಕಚೇರಿಯಲ್ಲಿ ಕೂತಿರುತ್ತದೆ. ಅಷ್ಟರಲ್ಲಿ ಇನ್ನೊಂದು ರಾತ್ರಿ ಕಲ್ಲು ಬಿದ್ದರೆ ಹೂಂ ಎಂದಿದ್ದು ಊಹೂಂ ಆಗುತ್ತದೆ. ಈ ಭಯವನ್ನು ಕಡೆಗಣಿಸುವಂತಿಲ್ಲ. 2012ರ ಅಲ್ಸ್ಟರ್ ವಿಶ್ವವಿದ್ಯಾಲಯದ ಸಮೀಕ್ಷೆಯಲ್ಲಿ ಗೋಡೆಯ ಪಕ್ಕದವರಲ್ಲಿ 58% ಜನ ಈಗಲೋ ಮುಂದೆಯೋ ಗೋಡೆ ಹೋಗಲಿ ಎಂದಿದ್ದರು. 69% ಜನ ಹಿಂಸೆಯ ಭಯದಿಂದ ಗೋಡೆ ಇನ್ನೂ ಬೇಕು ಎಂದಿದ್ದರು. ಎರಡನ್ನೂ ಹೇಳಿದವರು ಅದೇ ಬೀದಿಗಳ ಜನ. ಇದನ್ನು ಅರಗಿಸಿಕೊಳ್ಳದೆ ಅಲ್ಲಿನ ಸರ್ಕಾರ 2023ರೊಳಗೆ ಎಲ್ಲ ಗೋಡೆ ತೆಗೆಯುತ್ತೇವೆಂದು 2013ರಲ್ಲಿ ಗಡುವು ಹಾಕಿತು. ಗಡುವು ಮುಗಿಯಿತು, ಗೋಡೆಗಳು ಉಳಿದವು.

ಇಂಥ ನಿಧಿ ಕಟ್ಟುವವರು ಕಾರ್ಯಕರ್ತರ ನೇಮಕವನ್ನು ವರ್ಷಕ್ಕೊಮ್ಮೆ ನವೀಕರಿಸುವ ಪದ್ಧತಿ ಇಟ್ಟುಕೊಳ್ಳಬೇಡಿ. ಆ ವ್ಯಕ್ತಿ ಹೋದರೆ ಫೋನ್ ನಂಬರಿನ ಹಿಂದಿನ ನಂಬಿಕೆಯೂ ಹೋಗುತ್ತದೆ. ಕಿಟಕಿ, ದೀಪದ ಖರ್ಚನ್ನು ಸಮೀಕ್ಷೆಗೆ ಮುಂಚೆಯೇ ಬಜೆಟ್‌ನಲ್ಲಿ ಪ್ರತ್ಯೇಕವಾಗಿ ಎತ್ತಿಡಿ. ವರದಿಯಲ್ಲಿ ಸಭೆಗಳ ಸಂಖ್ಯೆ ಕೇಳಬೇಡಿ, ಗೇಟು ದಿನಕ್ಕೆ ಎಷ್ಟು ಗಂಟೆ ತೆರೆದಿತ್ತು ಎಂದು ಕೇಳಿ.